ತಳ್ಳುಗಾಡಿಗೆ ಕಟ್ಟಿದ ಮೋಟರು

ಮನೆ, ಹಿಂದಿನ ಕೋಣೆ
ಜೂನ್ ೧೪, ಭಾನುವಾರ

ಮುದ್ದಿನ ಸೊಸೆಗೆ,

ನಿನ್ನ ಅತ್ತೆ ಮನಸಾರೆ ಮಾಡುವ ಆಶೀರ್ವಾದಗಳು. ಬಾಣಂತಿ ಅಕ್ಕ ಹೇಗಿದ್ದಾಳೆ? ಕೂಸು ನಿಮ್ಮನ್ನು ಮಲಗಲು ಬಿಡುತ್ತಿದೆಯೇ? ನಿನ್ನ ಸೊಂಟನೋವು ಎಲ್ಲಿಗೆ ಬಂತು? ಹೆತ್ತವಳು ಅವಳು, ಬಟ್ಟೆ ಒಗೆದು ಸೊಂಟ ಹಿಡಿಸಿಕೊಂಡವಳು ನೀನು; ನಿನ್ನ ಭಾವನ ಕೈಗೂ ಸ್ವಲ್ಪ ಕೆಲಸ ಕೊಡು. ಫೋನು ಮಾಡದೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಈ ಮನೆಯಲ್ಲಿ ನಾನು ಫೋನು ಮುಟ್ಟಿದರೆ ಸಾಕು, ನಿನ್ನ ಗಂಡ ಎಲ್ಲಿದ್ದರೂ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ.

ಸುದ್ದಿ ಅವನಿಂದ ಅರ್ಧಂಬರ್ಧ ತಿಳಿದಿರುತ್ತದೆ. ಸಾರಿಗೆ ಕಚೇರಿಯವರು ನಮ್ಮ ಶೆಡ್ಡಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿ ಹೋಗಿದ್ದಾರೆ. ತಳ್ಳುಗಾಡಿಗೆ ಮೋಟರು, ಬ್ಯಾಟರಿ ಕಟ್ಟಿ ಏರು ಹತ್ತಿಸುವುದನ್ನು ನನ್ನ ಮಗ ಕಂಡುಹಿಡಿದದ್ದೇ ತಪ್ಪಾಗಿಹೋಯಿತು. ಹೊಸ ನಿಯಮದ ಪ್ರಕಾರ ಬ್ಯಾಟರಿಯಿಂದ ಉರುಳುವುದೆಲ್ಲ ವಾಹನವಂತೆ. ವಾಹನ ಎಂದಮೇಲೆ ದೀಪ ಬೇಕು, ಹಾರ್ನು ಬೇಕು, ನಂಬರು ಬೇಕು, ಈರುಳ್ಳಿ ಮಾರುವವನಿಗೆ ಲೈಸೆನ್ಸು ಬೇಕು. ಹಾರ್ನಿನ ಸದ್ದು ಎಷ್ಟಿರಬೇಕೆಂದು ಪುಟಗಟ್ಟಲೆ ಬರೆದಿದ್ದಾರಂತೆ, ಬ್ಯಾಟರಿ ಬಿಸಿಯಾದರೆ ಏನು ಮಾಡಬೇಕೆಂದು ಒಂದು ಸಾಲೂ ಇಲ್ಲವಂತೆ. ಪರೀಕ್ಷೆ ಮಾಡುವ ಪ್ರಯೋಗಾಲಯ ಇಡೀ ದೇಶಕ್ಕೆ ಒಂದೇ. ಅಲ್ಲಿ ಮುಂದಿನ ವರ್ಷದವರೆಗೂ ದೊಡ್ಡ ಕಂಪನಿಯವರೇ ಜಾಗ ಹಿಡಿದು ಕೂತಿದ್ದಾರೆ. ಅವರೂ ಇಂಥದ್ದೇ ಗಾಡಿ ತರುವವರಿದ್ದಾರೆ. ನಮ್ಮದು ರಸ್ತೆಗಿಳಿದ ತಿಂಗಳಲ್ಲೇ ನಿಯಮ ತಾನಾಗಿ ಹುಟ್ಟಿಕೊಂಡಿತು ಎಂದು ಯಾರ ಕಿವಿಗೆ ಹೂವು ಇಡುತ್ತಾರೆ ಇವರು? ವೈರು ಜೋಡಿಸುತ್ತಿದ್ದ ಹುಡುಗಿಯರಿಬ್ಬರೂ ಕೆಲಸವಿಲ್ಲದೆ ಮನೆಯಲ್ಲಿದ್ದಾರೆ. ನಮ್ಮನ್ನೇ ನಂಬಿ ಹೊಸ ಮಿಷನ್ನು ತಂದ ವೆಲ್ಡಿಂಗಿನವನು ದಿನಾ ಬೆಳಿಗ್ಗೆ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು, ಶೆಡ್ಡಿನ ಬೀಗ ನೋಡಿ ಎದ್ದು ಹೋಗುತ್ತಾನೆ.

ಇನ್‌ಸ್ಪೆಕ್ಟರು ಬಂದ ದಿನ ನಾನೇ ನೀರು ಕೊಟ್ಟೆ. ಮನುಷ್ಯ ತೀರ ಮೆದು ಮಾತಿನವನು, ಅಲ್ಲೇ ನನಗೆ ಅನುಮಾನ ಬಂತು. ದೀಪ ಕೇಳಲಿಲ್ಲ, ಹಾರ್ನು ಕೇಳಲಿಲ್ಲ. ನೆಟ್ಟಗೆ ಹಿತ್ತಿಲಿಗೆ ಹೋಗಿ ಮರಳಿನ ಬಕೆಟ್ಟಿನ ಮುಂದೆ ನಿಂತು, "ಒಂದು ಬ್ಯಾಟರಿ ಉಬ್ಬಿ ಹೊಗೆ ಬಂದಿತ್ತಂತಲ್ಲ, ಇದರಲ್ಲೇನಾ ಮುಚ್ಚಿಟ್ಟಿರೋದು?" ಎಂದ. ನಿನ್ನ ಗಂಡನ ಮುಖ ಬಿಳಿಚಿಕೊಂಡಿತು. ಅದು ಉಬ್ಬಿದ ಸಂಜೆ ಹಿತ್ತಿಲಲ್ಲಿ ಇದ್ದವರು ನಾವು ಮೂವರೇ. ಅವನು ಅದರ ಮೇಲೆ ಮರಳು ಸುರಿದು, "ಒಂದು ಪೀಸ್ ಕೆಟ್ಟಿತ್ತು ಅಷ್ಟೆ, ಹೊರಗೆ ಬಾಯಿ ಬಿಡಬೇಡಿ" ಎಂದದ್ದೂ ನಮ್ಮಿಬ್ಬರಿಗೇ. ಮಾರನೆಯ ದಿನವೇ ಸೊಪ್ಪು ಮಾರುವವಳ ಗಾಡಿಗೆ ಅಂಥದ್ದೇ ಇನ್ನೊಂದನ್ನು ಕಟ್ಟಿಕೊಟ್ಟಿದ್ದ.

ಅಂದಿನಿಂದ ನನ್ನ ಮಗನಿಗೆ ಬೀಗ ತೆಗೆಸುವುದಕ್ಕಿಂತ ಬಾಯಿಬಿಟ್ಟವರನ್ನು ಹಿಡಿಯುವುದೇ ದೊಡ್ಡದಾಯಿತು. "ಯಾರು ಅಂತ ಗೊತ್ತಾಗಲಿ, ಈ ಜನ್ಮದಲ್ಲಿ ಅವರ ಮುಖ ನೋಡಲ್ಲ" ಎನ್ನುತ್ತಿದ್ದ. ನಾನೂ ಅವನ ಜೊತೆ ಕೂತು ಹುಡುಕಿದೆ. ಎದುರುಮನೆಯ ಟೈಲರಿಗೆ ಮಹಡಿಯಿಂದ ನಮ್ಮ ಹಿತ್ತಿಲು ಕಾಣಬೇಕು, ಆದರೆ ಅವನಿಗೆ ಸೂಜಿಯ ಕಣ್ಣೇ ಕಾಣುವುದಿಲ್ಲ. ನಮ್ಮ ದಿಂಬಿನ ಚೀಲದ ಹೊಲಿಗೆ ನೋಡಿದರೆ ಗೊತ್ತಾಗುತ್ತದೆ. ಕಚೇರಿಯ ಬಾಗಿಲಲ್ಲಿ ಕೂರುವ ಏಜೆಂಟು, "ಡಿಸೈನ್ ಕಂಪನಿಗೆ ಮಾರಿಬಿಡಿ, ಬೀಗ ತಾನಾಗೇ ಬಿಚ್ಚಿಕೊಳ್ಳುತ್ತೆ" ಎಂದು ಹಲ್ಲು ಕಿರಿದ. ಅವನ ಮೇಲೆ ನನಗೆ ಅನುಮಾನ ಇದ್ದೇ ಇದೆ, ಆದರೆ ಈ ವಿಷಯದಲ್ಲಲ್ಲ. ಬ್ಯಾಟರಿ ಉಬ್ಬಿದ್ದು ಗೊತ್ತಿದ್ದರೆ ಅವನು ಡಿಸೈನಿಗೆ ಆಸೆಪಡುತ್ತಲೇ ಇರಲಿಲ್ಲ. ವೆಲ್ಡಿಂಗಿನವನು ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವವನಲ್ಲ. ನಿನ್ನೆ ಸಂಜೆ ನಿನ್ನ ಗಂಡನೊಬ್ಬನೇ ಕಿಟಕಿಯ ಹತ್ತಿರ ಕೂತು, ಒಬ್ಬೊಬ್ಬರಿಗೆ ಒಂದೊಂದು ಬೆರಳು ಮಡಿಸುತ್ತಿದ್ದ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಮಡಿಸದ ಬೆರಳು ಹೆಚ್ಚು ಉಳಿದಿರಲಿಲ್ಲ.

ನನ್ನ ಕಾಲಿನ ಊತ ಇಳಿದಿದೆ, ಚಿಂತೆ ಬೇಡ. ನೀನು ಒಣಗಿಸಿಟ್ಟು ಹೋದ ಬಟ್ಟೆಯನ್ನೆಲ್ಲ ಮಡಿಸಿಟ್ಟಿದ್ದೇನೆ. ಅಕ್ಕನಿಗೂ ಭಾವನಿಗೂ ನಾನು ಕೇಳಿದೆನೆಂದು ಹೇಳು, ಕೂಸಿನ ನೆತ್ತಿಗೆ ನನ್ನ ಲೆಕ್ಕದ ಒಂದು ಮುತ್ತು ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತು,
ನಿನ್ನ ಅತ್ತೆ

ತಾ.ಕ.: ಅವನು ಸ್ನಾನಕ್ಕೆ ಹೋಗಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ಇನ್‌ಸ್ಪೆಕ್ಟರಿಗೆ ಹೇಳಿದವಳು ನೀನು, ನನಗೆ ಗೊತ್ತು. ಸೊಪ್ಪಿನವಳು ತನ್ನ ಮಗುವನ್ನು ಗಾಡಿಯ ಕೆಳಹಲಗೆಯ ಮೇಲೆ, ಆ ಬ್ಯಾಟರಿಯ ಪಕ್ಕದಲ್ಲೇ ಮಲಗಿಸಿದ್ದನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು. ಬಿಚ್ಚಿಬಿಡು ಎಂದು ನೀನು ಅವನಿಗೆ ಎಷ್ಟು ಹೇಳಿದೆ, ಅವನು ಕೇಳಲಿಲ್ಲ. ಆ ದಿನ ನೀನು ತಟ್ಟೆಯ ಮುಂದೆ ಕೂತು ಒಂದು ತುತ್ತೂ ಎತ್ತಲಿಲ್ಲ. ನಾನು ಎರಡನೇ ಸಲ ಬಡಿಸಿಕೊಂಡು ತಿಂದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಈಗ ಅವಳ ಗಾಡಿಯಿಂದ ಅದನ್ನು ಬಿಚ್ಚಿಸಿದ್ದಾರೆ, ಮಗು ಚೆನ್ನಾಗಿದೆ. ನಿನ್ನೆ ಅವನು ಕೊನೆಯ ಬೆರಳಿಗೆ ಬರುವ ಮೊದಲೇ ಹೋಗಿ, ಇನ್‌ಸ್ಪೆಕ್ಟರಿಗೆ ಹೇಳಿದ್ದು ನಾನೇ ಎಂದುಬಿಟ್ಟೆ. ನಂಬಿದ್ದಾನೆ. ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಬಿಡಲಿ. ಅಮ್ಮನ ಮೇಲಿನ ಸಿಟ್ಟು ಇಳಿಯುತ್ತದೆ, ಹೆಂಡತಿಯ ಮೇಲಿನದ್ದು ಇಳಿಯದಿದ್ದರೆ ಎಂದೇ ನನಗೆ ಭಯ. ನೀನು ಬಾಯಿಬಿಡಬೇಡ. ಬಂದ ದಿನ ಅವನೆದುರಿಗೇ ನನ್ನನ್ನು ಬೈಯಬೇಕು, ಚೆನ್ನಾಗಿ ಬೈಯಬೇಕು. ಮೆತ್ತಗೆ ಬೈದರೆ ಅವನಿಗೆ ಅನುಮಾನ ಬರುತ್ತದೆ; ನಾನು ಹೆತ್ತ ಮಗ ಅವನು.