ಬೆಲ್ಲಿಯ ಎರಡನೇ ಸೂಜಿ

ಜನವರಿ 6, ಮಂಗಳವಾರ

ಬೆಳಗಿನ ಸೊಪ್ಪು ಹಾಕಿದ್ದಾಯಿತು. ರೇಷ್ಮೆ ಹುಳ ಕೊನೇ ಪೊರೆ ಕಳಚಿ ನಾಲ್ಕನೇ ಜ್ವರದಿಂದ ಎದ್ದಿವೆ. ಇನ್ನೊಂದು ವಾರ ತಿಂದದ್ದೇ ತಿನ್ನುವುದು, ಆಮೇಲೆ ಗೂಡು. ಅಲ್ಲಿಯ ತನಕ ಈ ಮನೆಯಲ್ಲಿ ಯಾರಿಗೂ ಬಿಡುವಿಲ್ಲ.

ನಾಯಿಮರಿ ಬೆಲ್ಲಿಗೆ ಇವತ್ತು ಎರಡನೇ ಸೂಜಿ. ಅದು ತಪ್ಪಿದರೆ ಮೊದಲನೆಯದನ್ನು ನಂಬಿಕೊಂಡು ಕೂರಬೇಡಿ ಅಂತ ಪಶು ಆಸ್ಪತ್ರೆಯ ಡಾಕ್ಟರ್ ಮುನವ್ವರಾ ಹೇಳಿದ್ದರು. ಬೈಕಿನಲ್ಲಿ ಕರೆದುಕೊಂಡು ಹೋಗಪ್ಪ ಅಂತ ಮಗ ನೀಲಕಂಠನನ್ನು ಕೇಳಿದೆ.

"ಊರೋರ ದನ ಕುರಿ ಎಲ್ಲಾ ಬರೋ ಜಾಗ ಅದು. ಅಲ್ಲಿಗೋಗಿ ಬಂದು ಹುಳದ ಮನೇಗೆ ಕಾಲಿಕ್ಕಕ್ಕಾಯ್ತದಾ? ಗೂಡು ಕಟ್ಲಿ ತಡಿಯವ್ವ."

ಹುಳಕ್ಕೆ ಒಂದು ನ್ಯಾಯ, ನಾಯಿಗೆ ಒಂದು.

ಜನವರಿ 8, ಗುರುವಾರ

ಸೊಸೆ ರಕ್ಷಿತಾಳನ್ನು ಕೇಳಿದೆ. ನಕ್ಕಳು. "ನನ್ ಮಗೀಗೆ ಪೋಲಿಯೋ ಹಾಕ್ಸಕ್ಕೂ ನೀವಿಂಗೆ ಅವಸ್ರ ಮಾಡಿರ್ಲಿಲ್ಲ ಅತ್ತೆ."

ಮಾಡಿದ್ದೆ. ಅವಳಿಗೆ ಮರೆತಿದೆ.

ಊರಿನ ಒಂದೇ ಆಟೋ ಸೊಪ್ಪು ಹೊರುತ್ತಿದೆ. ಬೆಲ್ಲಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ನಾನೇ ಬಸ್ಸು ಹತ್ತಿದೆ. ಕಂಡಕ್ಟರ್ ಇಳಿಸಿಬಿಟ್ಟ.

"ಫ್ರೀ ಬಸ್ಸು ಹೆಂಗಸ್ರಿಗೆ ಕಣಜ್ಜಿ, ನಾಯಿಗಲ್ಲ."

"ಇದೂ ಹೆಣ್ಣೇ ಕಣಪ್ಪ" ಅಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಇಳಿಸಿದ್ದಂತೂ ಇಳಿಸಿದ್ದೇ.

ಜನವರಿ 11, ಭಾನುವಾರ

ಪಕ್ಕದ ತೋಟದ ಲಕ್ಷ್ಮಯ್ಯನ ನಾಯಿಮರಿ ಹೋಯಿತು. ವಾಂತಿ, ರಕ್ತಭೇದಿ... ನೀಲಕಂಠನೇ ಹೋಗಿ ಗುಂಡಿ ತೋಡಿ ಮಣ್ಣು ಮಾಡಿದ. ಬಂದು ತಲೆಗೆ ನೀರು ಹುಯ್ದುಕೊಂಡು, ಬಟ್ಟೆ ಬದಲಾಯಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಹುಳದ ಮನೆಗೆ ನಡೆದ. ಇವನ ಮಡಿ ನೋಡಿದರೆ ಪೂಜಾರಿಯೂ ನಾಚಬೇಕು.

"ಈಗ್ಲಾದ್ರೂ ಹೋಗಾನ ಬಾ" ಅಂದೆ.

"ನಮ್ಮದು ಗೇಟೇ ದಾಟಲ್ಲ ಕಣವ್ವ. ಕಾಯ್ಲೆ ಎಲ್ಲಿಂದ ಬತ್ತದೆ?"

ಅದನ್ನೇ ಕೇಳೋಣ ಅಂತ ಡಾಕ್ಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರು, ಹಸಿವಿಲ್ಲ ಅಂದೆ. ಯಾಕೆ ಅಂತಲೂ ಯಾರೂ ಕೇಳಲಿಲ್ಲ.

ಜನವರಿ 14, ಬುಧವಾರ

ಹುಳ ಹಣ್ಣಾದವು. ಆರಿಸಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಾಯಿತು. ಎಲ್ಲರಿಗೂ ಸೊಂಟ ಬಿದ್ದುಹೋಗಿದೆ. ನಾಳೆ ಹಬ್ಬ, ಆಸ್ಪತ್ರೆಗೆ ರಜ. ನಾಳಿದ್ದು ಖಂಡಿತ ಅಂದಿದ್ದಾನೆ ನೀಲಕಂಠ.

ಬೆಲ್ಲಿ ಸಂಜೆ ಹಾಲು ಮುಟ್ಟಲಿಲ್ಲ.

ಜನವರಿ 16, ಶುಕ್ರವಾರ

ಹೋದೆವು. ಬೆಲ್ಲಿಗೆ ಕತ್ತು ನಿಲ್ಲುತ್ತಿಲ್ಲ. ಡಾಕ್ಟರಮ್ಮ ಕಣ್ಣು, ವಸಡು ನೋಡಿ, ಜ್ವರ ನೋಡಿ "ಪಾರ್ವೋ. ಮರಿಯಿಂದ ಮರಿಗೆ ಅಂಟೋ ವಾಂತಿ-ಭೇದಿ ಕಾಯಿಲೆ" ಅಂದರು.

"ಆ ಎರಡ್ನೇ ಸೂಜಿ ಈಗ್ಲೇ ಹಾಕ್ಬುಡಿ ಮೇಡಂ" ಅಂದ ನೀಲಕಂಠ.

"ಅದು ಕಾಯಿಲೆ ಬರದಂಗೆ ತಡೆಯೋ ಸೂಜಿ. ಬಂದ ಮೇಲೆ ಹಾಕಲ್ಲ. ಈಗೇನಿದ್ರೂ ಡ್ರಿಪ್ಪು. ಹತ್ರದಲ್ಲಿ ಯಾವ್ದಾದ್ರೂ ಮರಿ ಸತ್ತಿದೆಯಾ?"

"ಪಕ್ಕದ ತೋಟದಲ್ಲಿ. ನಾನೇ ಹೂತು ಬಂದೆ. ಆದ್ರೆ ಸ್ನಾನ ಮಾಡ್ದೆ ಒಳೀಕೆ ಹೋಗ್ಲಿಲ್ಲ ಮೇಡಂ."

"ಚಪ್ಪಲಿ ತೊಳೆದ್ರಾ?"

ನೀಲಕಂಠ ತನ್ನ ಕಾಲು ನೋಡಿಕೊಂಡ. ಹುಳದ ಮನೆಗೆ ಚಪ್ಪಲಿ ಒಯ್ಯುವಂತಿಲ್ಲ, ಗೇಟಿನಲ್ಲೇ ಬಿಡಬೇಕು. ಬಿಟ್ಟಿದ್ದ. ಬೆಲ್ಲಿ ಮಲಗುವುದೂ ಅಲ್ಲೇ, ಹಲ್ಲಿನ ನವೆಗೆ ಕಚ್ಚುವುದೂ ಅದನ್ನೇ. ದಿನಾ ನೋಡುತ್ತಿದ್ದವಳು ನಾನು. ನನಗೂ ಹೊಳೆಯಲಿಲ್ಲವಲ್ಲ...

ಇವನಿಗೆ ಬೈಯಬೇಕು ಅಂತ ವಾರದಿಂದ ಮಾತು ಕೂಡಿಟ್ಟಿದ್ದೆ. ಬೈಕಿನ ಹಿಂದೆ ಕೂತು ಬರುವಾಗ ಒಂದೂ ಬಾಯಿಗೆ ಬರಲಿಲ್ಲ. ಅದಕ್ಕೂ ಸಿಟ್ಟು.

ಜನವರಿ 17, ಶನಿವಾರ, ಬೆಳಿಗ್ಗೆ

ಇನ್ನೂ ಉಸಿರಿದೆ. ಡ್ರಿಪ್ಪಿಗೆ ಮತ್ತೆ ಹೊರಡಬೇಕು. ನೀಲಕಂಠ ಎದ್ದವನು ಗೂಡಿನ ಕಡೆ ತಲೆ ಹಾಕಿಲ್ಲ. ಜಗಲಿಯಲ್ಲಿ ಬೆಲ್ಲಿಯನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಾನೆ.

"ಉಳ್ಕಂಡ್ರೆ ಸೂಜಿಗೆ ಯಾವಾಗ ಬರಾಕ್ ಹೇಳವ್ರೆ ಅವ್ವ?" ಅಂತ ಕೇಳಿದ. ಡಾಕ್ಟರಮ್ಮ ಹೇಳಿಲ್ಲ. ಕೇಳುವುದಕ್ಕೆ ನನಗೂ ಧೈರ್ಯವಾಗಿರಲಿಲ್ಲ. ಇವತ್ತು ಕೇಳಬೇಕು.

ಕೂಗುತ್ತಿದ್ದಾನೆ, ಒಸಿ ಬಾ ಅಂತ. ದನಿ ಯಾಕೋ ಅಳುವವನ ಹಾಗಿದೆ. ಬರೆಯುವುದನ್ನು ಇಲ್ಲಿಗೆ ಬಿಟ್ಟು ಹೊರಟೆ.