ನೀನು ಕಟ್ಟಿದ ಕಥೆಯ ಕಿಟಕಿ

ಸುಳ್ಳುಬುರುಕ ಫೌಸ್ತಿನೊ,

ಪ್ರವಾಸಿಗರ ಚಪ್ಪಾಳೆಗಾಗಿ ನಮ್ಮ ಮನೆಯ ಕಿಟಕಿಯ ಮೇಲೆ ನೀನು ಕಟ್ಟಿದ ಕಥೆಗೆ ನಿನಗಿಂತ ಹೆಚ್ಚು ನಿಯತ್ತಿದೆ. ಹೆಂಡತಿಯಾದ ನನ್ನನ್ನೂ ಈ ಗ್ವಾನಹ್ವಾಟೊ ಊರನ್ನೂ ಬಿಟ್ಟು ನೀನು ಓಡಿದೆ, ಅದು ಇಲ್ಲೇ ಉಳಿದಿದೆ.

ಇವತ್ತು ನಿನ್ನ ಶಿಷ್ಯ, ಗೈಡ್ ಎಲೆಯುತೇರಿಯೊ, ಓಣಿಯಲ್ಲಿ ಜನರನ್ನು ನಿಲ್ಲಿಸಿ ಕೂಗಿದ: "ಬೆಳ್ಳಿ ಗಣಿಗೆ ಹೋದ ಗಂಡ ಬರೋವರೆಗೂ ಬಾಡಬಾರದು ಅಂತ ಆಕೆ ಆ ಕಿಟಕಿಯ ಜೆರೇನಿಯಂ ಹೂಗಿಡಕ್ಕೆ ದಿನಾ ನೀರು ಹಾಕ್ತಿದ್ಲು!"

ನಾನು ಕಿಟಕಿಯಿಂದ ಬಗ್ಗಿ, "ಗಣಿನೂ ಇಲ್ಲ, ಮಣ್ಣೂ ಇಲ್ಲ. ಆ ಅಯೋಗ್ಯ ಓಡಿಹೋದ, ಅಷ್ಟೇ!" ಎಂದೆ. ಎಲ್ಲರೂ ನಕ್ಕರು.

ಎಲೆಯುತೇರಿಯೊ ಗೋಗರೆದ: "ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಅಲ್ಲಾ, ಕಥೆ ಸುಳ್ಳಾದ್ರೆ ನೀವ್ಯಾಕೆ ದಿನಾ ನೀರು ಹಾಕ್ತೀರಾ?"

ಕಿಟಕಿ ಮುಚ್ಚಿಬಿಟ್ಟೆ.

ನೀನು ಇಟ್ಟುಹೋದ ಗಿಡ ಮೊದಲ ಬೇಸಿಗೆಗೇ ಒಣಗಿತ್ತು. ಇದು ನಾಲ್ಕನೆಯ ಗಿಡ.

ಹಸಿಂತಾ