ಒಂದೇ ಕೈಗೆ ಬಿಚ್ಚುವ ಕವಚ

ಮಂಗಳವಾರ, ಊಟದ ಬಿಡುವಿನಲ್ಲಿ

ನನ್ನ ಚೂಟಿಗೆ,

ಅಮ್ಮನ ಅಕ್ಕರೆಯ ಮುತ್ತು. ಕಾಗದ ತಡವಾಯಿತು ಅಂತ ಮುಖ ಊದಿಸಿಕೊಳ್ಳಬೇಡ. ಇಷ್ಟು ದಿನ ಬೆರಳಿಗೆಲ್ಲ ಅಂಟು. ಪೆನ್ನು ಹಿಡಿದರೆ ಬಿಡುತ್ತಿರಲಿಲ್ಲ.

ರಂಗಮಂದಿರದಲ್ಲಿ ಮುದುಕ ರಾಜನೊಬ್ಬನ ನಾಟಕ. ಅವನ ಸೈನ್ಯಕ್ಕೆಲ್ಲ ಕವಚ ನಮ್ಮ ವೇಷಭೂಷಣದ ಕೋಣೆಯಲ್ಲೇ ಆಗಬೇಕು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿ, ಬೆಳ್ಳಿ ಬಣ್ಣ ಹೊಡೆಯುತ್ತೇವೆ. ದೂರದಿಂದ ಕಬ್ಬಿಣ, ಹತ್ತಿರ ಬಂದರೆ ಬಕೆಟ್ಟು. ಎದೆ ಬೆನ್ನು ಸೇರಿಸುವ ಪ್ರೆಸ್ ಬಟನ್ ಕೂರಿಸುವುದು ನನ್ನ ಪಾಲು. ನುಣುಪು ಪ್ಲಾಸ್ಟಿಕ್ಕನ್ನು ಮರಳುಕಾಗದದಿಂದ ಉಜ್ಜಿ, ಅಂಟು ಹಚ್ಚಿ, ಬಟನ್ ಇಟ್ಟು, ಇಕ್ಕುಳದಂಥ ಕ್ಲಿಪ್ಪಿನಲ್ಲಿ ಬಿಗಿಯಬೇಕು. ಜಾಸ್ತಿ ಬಿಗಿದರೆ ಅಂಟೆಲ್ಲ ಪಕ್ಕಕ್ಕೆ ಉಕ್ಕಿ ಹೋಗುತ್ತದೆ. ಸಡಿಲ ಬಿಟ್ಟರೆ ಬಟನ್ ಜಾರುತ್ತದೆ. ಕತ್ತು ಬಗ್ಗಿಸಿ ಬಗ್ಗಿಸಿ ಈಗ ಮೇಲೆತ್ತಲು ಮನಸ್ಸೇ ಬರುವುದಿಲ್ಲ.

ಹೇಳಬೇಕಾದದ್ದನ್ನು ಬಿಟ್ಟು ಅಂಟಿನ ಕಥೆ ಹೇಳುತ್ತಿದ್ದೇನೆ. ರಾಜನ ಪಾತ್ರ ನಿಮ್ಮಪ್ಪನದು.

ಬೈಯಬೇಡ, ನಾನೇನು ಕರೆಸಿದ್ದಲ್ಲ. ಜಗಳವಾಡಿ ಬಿಟ್ಟುಹೋದವರೂ ಅಲ್ಲವಲ್ಲ ಅವರು. ತಂಡದ ಜೊತೆ ಊರೂರು ತಿರುಗಲು ಹೋದವರು ಮನೆ ಕಡೆ ತಿರುಗಲಿಲ್ಲ, ಅಷ್ಟೆ. ಅಳತೆಗೆ ಬಂದು ನಿಂತರು. ಕೈ ಎತ್ತಿ ಅಂದೆ. ಎಡಗೈ ಎದ್ದಿತು, ಬಲಗೈ ಏಳಲಿಲ್ಲ. ಹೋದ ವರ್ಷ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತಂತೆ. ಮಾತು ಬಂತು, ನಡಿಗೆ ಬಂತು, ಆ ಕೈ ಮಾತ್ರ ಬರಲಿಲ್ಲ ಎಂದರು, ಯಾರದೋ ಕೈ ಎಂಬಂತೆ. ನಿರ್ದೇಶಕರಿಂದ ಅದನ್ನು ಮುಚ್ಚಿಟ್ಟಿದ್ದರು. ರಾಜ ಎಡಚನಾದರೆ ಹೇಗೆ ಸಾರ್ ಅಂತ ಕೇಳಿದ್ದರಂತೆ, ಅವರು ಭೇಷ್ ಎಂದಿದ್ದರಂತೆ!

ತೊಡಕು ಇದ್ದದ್ದು ಕೊನೆಯ ದೃಶ್ಯದಲ್ಲಿ. ಸೋತ ರಾಜ ರಂಗದ ಮೇಲೆ ಒಬ್ಬನೇ ನಿಂತು ತನ್ನ ಕವಚ ತಾನೇ ಕಳಚಬೇಕು. ಒಂದು ಕೈಯಲ್ಲಿ ಆಗುತ್ತದಾ ಅಂತ ಕೇಳಿದೆ. ನೀನು ಮಾಡಿದರೆ ಆಗುತ್ತದೆ ಎಂದರು. ಆ ಮಾತಿಗೆ ನನಗೆ ರೇಗಿತು. ಆದರೂ ಮಾಡಿದೆ.

ಪಟ್ಟಿಗಳನ್ನೆಲ್ಲ ಎಡಗೈಗೆ ಸಿಗುವ ಹಾಗೆ ಬಲಪಕ್ಕೆಗೆ, ಬಲಭುಜಕ್ಕೆ ತಂದೆ. ಹೊರಗೆ ಕಾಣುವ ಬಕಲ್ ಬರೀ ತೋರಿಕೆಗೆ. ಅದರಡಿ ಪ್ರೆಸ್ ಬಟನ್, ಹೆಬ್ಬೆರಳು ತೂರಿಸಿ ಎಳೆಯಲು ಒಂದು ಕುಣಿಕೆ. ಕತ್ತಿ ಬೀಸಿದರೆ ಬಿಚ್ಚಬಾರದು, ಎಳೆದರೆ ಬಿಚ್ಚಲೇಬೇಕು. ಎಷ್ಟು ಸಲ ಕಿತ್ತು ಮತ್ತೆ ಅಂಟಿಸಿದೆನೋ!

ಕೊನೆಯ ತಾಲೀಮಿನಲ್ಲಿ, ಕಾಳಗದ ನಡುವೆ, ಭುಜದ ಬಟನ್ ಬುಡಸಮೇತ ಕಿತ್ತು ಬಂತು. ಭುಜದ ತುಂಡು ಡಬ್ಬದ ಮುಚ್ಚಳದ ಹಾಗೆ ಸದ್ದು ಮಾಡುತ್ತ ಉರುಳಿತು. ಎತ್ತಿ ಹಾಕಿಕೊಳ್ಳಿ, ಮುಂದುವರಿಸಿ ಅಂತ ನಿರ್ದೇಶಕರು ಕೂಗಿದರು. ನಿಮ್ಮಪ್ಪ ಎಡಗೈಯಲ್ಲಿ ಕತ್ತಿ ಹಿಡಿದು ಸುಮ್ಮನೆ ನಿಂತರು. ಕತ್ತಿ ಹಿಡಿದೇ ಎತ್ತಲು ಬಲಗೈ ಬೇಕು, ಕತ್ತಿ ಕೆಳಗಿಟ್ಟರೆ ಗುಟ್ಟು ರಟ್ಟಾಗುತ್ತದೆ. ನಾನು ಮೇಲೆ ಹತ್ತಿ, ಅಂಟು ಒಣಗಿಲ್ಲ, ತಪ್ಪು ನನ್ನದು, ಯಾರೂ ಮುಟ್ಟಬೇಡಿ ಎಂದೆ. ನಿರ್ದೇಶಕರು ಆ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕೋಣೆಗೆ ಬಂದು, ಇವರಿಂದ ಆಗುತ್ತದಾ, ನಿಜ ಹೇಳಿ ಎಂದರು. ಬೇರೆಯವರನ್ನು ಹುಡುಕುವುದಾದರೆ ಹುಡುಕಿ, ಆ ಕವಚ ಮಾತ್ರ ಇನ್ನೊಬ್ಬರಿಗೆ ಒಗ್ಗುವುದಿಲ್ಲ ಎಂದೆ. ನಿಜಕ್ಕೂ ನನಗೆ ಇನ್ನೊಂದು ಮಾಡುವ ಶಕ್ತಿ ಉಳಿದಿರಲಿಲ್ಲ.

ಮೊನ್ನೆ ಮೊದಲ ಪ್ರದರ್ಶನ. ಪಕ್ಕದ ಪರದೆ ಸಂದಿಯಲ್ಲಿ ನಿಂತಿದ್ದೆ. ಭುಜದ್ದು ಟಪ್ ಅಂತ ಬಿಚ್ಚಿತು. ಪಕ್ಕೆಯದು ಬಿಚ್ಚಲಿಲ್ಲ. ಎಳೆದರು, ಮತ್ತೆ ಎಳೆದರು. ಕೊನೆಗೆ ಕೈಬಿಟ್ಟು, ಅರ್ಧ ಕಳಚಿದ ಕವಚ ಮೈಮೇಲೆ ಜೋತಾಡುತ್ತಿರುವಂತೆಯೇ ನೆಲಕ್ಕೆ ಕುಳಿತು ಮಾತು ಮುಗಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಪ್ರದರ್ಶನದಲ್ಲೂ ಪಕ್ಕೆಯದು ಹೀಗೇ ಸಿಕ್ಕಿಹಾಕಿಕೊಳ್ಳಲಿ ಎಂದು ನಿರ್ದೇಶಕರ ಅಪ್ಪಣೆ. ಬಿಚ್ಚಲಿ ಅಂತ ಪಟ್ಟ ಪಾಡೆಲ್ಲ ನೀರಿಗೆ. ಈಗ ಬಿಚ್ಚದಂತೆ ಅಂಟಿಸುತ್ತಿದ್ದೇನೆ.

ಕ್ಷಮೆ ಕೇಳಿದರಾ ಅಂತ ನೀನು ಕೇಳುತ್ತೀಯ. ಇಲ್ಲ ಕಣೇ. ಕವಚ ಕಳಚಿಕೊಟ್ಟಾಗ, ಭಾರ ಇಳಿಯಿತು ಎಂದರು. ಪ್ಲಾಸ್ಟಿಕ್ಕು, ಏನು ಭಾರ ಎಂದೆ. ಇಬ್ಬರಿಗೂ ನಗು ಬಂತು. ಅಷ್ಟೇ ನಡೆದದ್ದು.

ಕ್ಲಿಪ್ಪು ಬಿಚ್ಚುವ ಹೊತ್ತಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತಿದ್ದೆ: ರಜೆಗೆ ಬಂದಾಗ ಬಾಗಿಲು ತೆರೆಯುವುದು ತಡವಾದರೆ ದಬದಬ ಬಡಿಯಬೇಡ. ನಾನು ಕೆಲಸದಲ್ಲಿರುತ್ತೇನೆ. ಒಳಗಿರುವವರಿಗೆ ಎಡಗೈಯಲ್ಲಿ ಚಿಲಕ ತೆಗೆಯಲು ಸ್ವಲ್ಪ ಹೊತ್ತು ಬೇಕು.